ಹಣೆದೀಪ: ಇರುಳ ನಡಿಗೆಗೆ ಎಷ್ಟು ಬೆಳಕು ಬೇಕು?

ಮುಂಬಯಿ ಮತ್ತು ಪುಣೆಯ ಕನ್ನಡಿಗರಲ್ಲಿ, ವಿಶೇಷವಾಗಿ ತರುಣ ಪೀಳಿಗೆಯಲ್ಲಿ, ಸಹ್ಯಾದ್ರಿಯ ಚಾರಣವು ಒಂದು ಗಟ್ಟಿಯಾದ ರೂಢಿಯಾಗಿ ಬೆಳೆದಿದೆ. ಶನಿವಾರ ರಾತ್ರಿ ಕಸಾರಾದ ಲೋಕಲ್ ಗಾಡಿ ಹಿಡಿದು, ಅಲ್ಲಿಂದ ಜೀಪಿನಲ್ಲಿ ಬಾರೀ ಗ್ರಾಮವನ್ನು ಸೇರಿ, 1646 ಮೀಟರ್ ಎತ್ತರದ ಕಳಸೂಬಾಯಿ ಶಿಖರವನ್ನು ಸೂರ್ಯೋದಯಕ್ಕೆ ಮೊದಲೇ ಏರಿ ನಿಲ್ಲುವವರ ಸಂಖ್ಯೆ ಕಡಮೆಯದಲ್ಲ. ಆ ದಾರಿಯ ಕಡಿದಾದ ಬಂಡೆಗಳಿಗೆ ಕಬ್ಬಿಣದ ಏಣಿಗಳನ್ನು ಜೋಡಿಸಿದ್ದಾರೆ. ಏಣಿಯನ್ನು ಏರುವವನಿಗೆ ಎರಡು ಕೈಗಳೂ ಬೇಕು. ಟಾರ್ಚು ಹಿಡಿದವನಿಗೆ ಒಂದೇ ಕೈ ಉಳಿಯುತ್ತದೆ. ಹಣೆಗೆ ಕಟ್ಟಿಕೊಳ್ಳುವ ದೀಪದ ಪ್ರಯೋಜನವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲಾಗದು.

ಇಂಥ ದೀಪಗಳ ತಯಾರಕರು ಆಗಾಗ ಹೊಸ ಮಾದರಿಗಳನ್ನು ಪ್ರಕಟಿಸುತ್ತಿರುತ್ತಾರೆ. ದೀಪವು ಅಂಗಡಿಗೆ ಬರುವುದಕ್ಕೆ ಮೊದಲೇ ಅದರ ತೂಕವೆಷ್ಟು, ಎಷ್ಟು ಲ್ಯೂಮೆನ್ ಬೆಳಕು, ಎಷ್ಟು ಗಂಟೆ ಉರಿಯುತ್ತದೆ, ಎಷ್ಟು ಮೀಟರ್ ದೂರ ತಲುಪುತ್ತದೆ ಎಂಬ ಅಂಕಿಗಳು ಪ್ರಚಾರಕ್ಕೆ ಬರುತ್ತವೆ. ಹೊಸದು ಬರಲಿ ಎಂದು ಹಳೆಯ ಟಾರ್ಚನ್ನೇ ಹಿಡಿದು ಕಾಯುವ ಚಾರಣಿಗರೂ ಇದ್ದಾರೆ. ಈ ಕಾಯುವಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕಾಯುತ್ತಿರುವುದು ಯಾವ ಗುಣಕ್ಕಾಗಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಸಾಮಾನ್ಯವಾಗಿ ಕೊಳ್ಳುವವನ ದೃಷ್ಟಿ ಲ್ಯೂಮೆನ್ನಿನ ದೊಡ್ಡ ಅಂಕಿಯ ಮೇಲೆಯೇ ಬೀಳುತ್ತದೆ. ವಾಸ್ತವದಲ್ಲಿ ಚಾರಣಿಗನಿಗೆ ಅತ್ಯಂತ ಕಡಮೆ ಉಪಯೋಗಕ್ಕೆ ಬರುವ ಅಂಕಿಯೇ ಅದು. ಒಂದು ಹಣೆದೀಪ ಎಷ್ಟು ಪ್ರಖರವಾಗಿ ಉರಿಯಬಲ್ಲದು ಎಂಬುದಕ್ಕಿಂತ, ಎಷ್ಟು ಮಂದವಾಗಿ, ಎಷ್ಟು ಹೊತ್ತು ಒಂದೇ ಸಮನಾಗಿ ಉರಿಯಬಲ್ಲದು ಎಂಬುದು ಮುಖ್ಯವಾದ ಪ್ರಶ್ನೆ. ಇದರ ಕಾರಣ ದೀಪದಲ್ಲಿಲ್ಲ, ಮನುಷ್ಯನ ಕಣ್ಣಿನಲ್ಲಿದೆ.

ಸೂಡಿಯಿಂದ ಡಯೋಡಿನವರೆಗೆ

ಕರಾವಳಿ ಮತ್ತು ಮಲೆನಾಡಿನ ಹಿರಿಯರಿಗೆ ಒಣಗಿದ ತೆಂಗಿನ ಗರಿಯ ಸೂಡಿಯ ನೆನಪಿರಬಹುದು. ಬೀಸುತ್ತ ನಡೆದರೆ ಉರಿ ಏಳುತ್ತಿತ್ತು, ಬೀಸುವುದನ್ನು ನಿಲ್ಲಿಸಿದರೆ ಕೆಂಡವಾಗಿ ಉಳಿಯುತ್ತಿತ್ತು. ಬೇಕಾದಾಗ ಹೆಚ್ಚು, ಬೇಡವಾದಾಗ ಕಡಮೆ ಎಂಬ ಗುಣ ಆ ದೀಪಕ್ಕೆ ಸಹಜವಾಗಿಯೇ ಇತ್ತು. ತರುವಾಯ ಲಾಂದ್ರ ಬಂತು. ಅದರ ಹಿಂದೆ ಸೆಲ್ಲು ಹಾಕುವ ಟಾರ್ಚು ಬಂತು. ಹಣೆಯ ಮೇಲೆ ದೀಪವಿಡುವ ಪದ್ಧತಿ ಮಾತ್ರ ಗಣಿಗಳಿಂದ ಬಂದದ್ದು. ಗಣಿಯ ಅನಿಲಕ್ಕೆ ಕಿಡಿ ತಗಲದಂತೆ ಜಾಲರಿ ಹೊದಿಸಿದ ದೀಪವನ್ನು ಹಂಫ್ರಿ ಡೇವಿ 1815ರಲ್ಲಿ ರಚಿಸಿದನು, ಅದು ಕೈದೀಪ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಟೊಪ್ಪಿಗೆಗೆ ಸಿಕ್ಕಿಸುವ ಕಾರ್ಬೈಡ್ ದೀಪವೂ, ಸೊಂಟಕ್ಕೆ ಭಾರವಾದ ಬ್ಯಾಟರಿಯನ್ನು ಕಟ್ಟಿಕೊಂಡು ತಂತಿಯ ಮೂಲಕ ತಲೆಗೆ ವಿದ್ಯುತ್ತು ಒದಗಿಸುವ ದೀಪವೂ ಗಣಿಗಾರರ ಬಳಕೆಗೆ ಬಂದವು.

ಗಣಿಯಿಂದ ಗುಹೆಗೆ, ಗುಹೆಯಿಂದ ಬೆಟ್ಟಕ್ಕೆ ಈ ದೀಪವನ್ನು ತಂದವರಲ್ಲಿ ಫ್ರಾನ್ಸಿನ ಗುಹಾನ್ವೇಷಕ ಫೆರ್ನಾನ್ ಪೆಟ್ಜಲ್ ಮುಖ್ಯನಾದವನು. ಅವನು ಸ್ಥಾಪಿಸಿದ ಸಂಸ್ಥೆಯು 1981ರಲ್ಲಿ ಬ್ಯಾಟರಿಯ ಸಮೇತ ಇಡೀ ದೀಪವನ್ನು ತಲೆಪಟ್ಟಿಯ ಮೇಲೆಯೇ ಕೂರಿಸಿತು. ಆದರೂ ಅದರೊಳಗೆ ಇದ್ದದ್ದು ತಂತುವನ್ನು ಕಾಯಿಸಿ ಬೆಳಕು ಕೊಡುವ ಬಲ್ಬು; ಅದು ನುಂಗಿದ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತಿತ್ತು. ಬೆಳಕು ಸೂಸುವ ಡಯೋಡು, ಎಂದರೆ ಎಲ್.ಇ.ಡಿ., ಕೆಂಪು ಬಣ್ಣದಲ್ಲಿ 1962ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಬಿಳಿಯ ಬೆಳಕಿಗೆ ನೀಲಿಯ ಡಯೋಡು ಬೇಕಾಗಿತ್ತು. ಪ್ರಖರವಾದ ನೀಲಿ ಡಯೋಡು ದೊರೆತದ್ದು 1990ರ ದಶಕದಲ್ಲಿ. ಅದಕ್ಕಾಗಿ ಜಪಾನಿನಲ್ಲಿ ಜನಿಸಿದ ಅಕಸಾಕಿ, ಅಮಾನೊ ಮತ್ತು ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ನೀಲಿ ಬೆಳಕಿನ ಮೇಲೆ ಹಳದಿಯಾಗಿ ಹೊಳೆಯುವ ಪುಡಿಯ ಲೇಪವಿಟ್ಟರೆ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಇಂದಿನ ಬಹುತೇಕ ಎಲ್ಲ ಬಿಳಿ ಎಲ್.ಇ.ಡಿ. ದೀಪಗಳ ಗುಟ್ಟು ಇದೇ. 2000ದ ಇಸವಿಯಿಂದೀಚೆಗೆ ಅಂಗೈಯಲ್ಲಿ ಅಡಗುವ ಎಲ್.ಇ.ಡಿ. ಹಣೆದೀಪಗಳು ಬಂದವು. ಬೆಳಕಿನ ಬಲ ವರುಷದಿಂದ ವರುಷಕ್ಕೆ ಏರುತ್ತ ಹೋಗಿ, ಈಗ ನೂರು ಗ್ರಾಮಿಗೂ ಕಡಮೆ ತೂಗುವ ದೀಪವು 300, 400 ಲ್ಯೂಮೆನ್ ಕೊಡುವುದು ಸಾಮಾನ್ಯವಾಗಿದೆ. ಹಿಂದಿನ ಕಾಲದ 40 ವ್ಯಾಟಿನ ಬಲ್ಬು ಮನೆಯ ಒಂದು ಕೋಣೆಗೆ ಕೊಡುತ್ತಿದ್ದ ಬೆಳಕು ಸರಿಸುಮಾರು ಇಷ್ಟೇ.

ಕತ್ತಲೆಗೆ ಕಣ್ಣು ಹೊಂದುವ ಬಗೆ

ಕಣ್ಣಿನ ಒಳಗೋಡೆಯಾದ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಜೀವಕೋಶಗಳಿವೆ. ಶಂಕುವಿನ ಆಕಾರದವು ಸುಮಾರು ಅರುವತ್ತು ಲಕ್ಷ. ಹಗಲಿನ ನೋಟ, ಬಣ್ಣಗಳ ಅರಿವು, ಅಕ್ಷರ ಓದುವಂಥ ಸೂಕ್ಷ್ಮ ಕೆಲಸ ಇವುಗಳದು. ದಂಡದ ಆಕಾರದವು ಇವಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಇವು ಬಣ್ಣವನ್ನು ಅರಿಯವು, ಆದರೆ ನಕ್ಷತ್ರಗಳ ಬೆಳಕಿನಲ್ಲೂ ಕೆಲಸ ಮಾಡಬಲ್ಲವು. ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಪ್ರಖರವಾದ ಬೆಳಕು ಬಿದ್ದಾಗ ಈ ದ್ರವ್ಯವು ಬಣ್ಣಗೆಟ್ಟು ವಿಭಜನೆ ಹೊಂದುತ್ತದೆ. ಕತ್ತಲೆಯಲ್ಲಿ ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ. ಈ ಮರುಜೋಡಣೆಗೆ ಎ ಜೀವಸತ್ವವು ಅವಶ್ಯಕ.

ಬೆಳಕಿನಿಂದ ಕತ್ತಲೆಗೆ ಬಂದ ಮನುಷ್ಯನ ಕಣ್ಣಿನ ಪಾಪೆಯು ಬೇಗ ಹಿಗ್ಗುತ್ತದೆ. ಆದರೆ ಅದು ಕೇವಲ ಮೊದಲ ಹೆಜ್ಜೆ. ಶಂಕುಕೋಶಗಳು ಹತ್ತು ನಿಮಿಷದೊಳಗೆ ತಮ್ಮ ಶಕ್ತಿಯಷ್ಟನ್ನು ಹೊಂದಿಸಿಕೊಳ್ಳುತ್ತವೆ. ದಂಡಕೋಶಗಳು ಪೂರ್ಣವಾಗಿ ಎಚ್ಚರಗೊಳ್ಳಲು ಅರ್ಧಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಬೇಕು. ಅಷ್ಟು ಹೊತ್ತಿಗೆ ಕಣ್ಣಿನ ಸೂಕ್ಷ್ಮತೆ ಹಗಲಿಗಿಂತ ಸಾವಿರಾರು ಪಟ್ಟು ಏರಿರುತ್ತದೆ. ಇಷ್ಟು ಸಾವಕಾಶವಾಗಿ ಕೂಡಿಟ್ಟ ಶಕ್ತಿಯನ್ನು ಜೊತೆಗಾರನ ಹಣೆದೀಪವು ಮುಖಕ್ಕೆ ತಿರುಗಿದ ಒಂದೆರಡು ಕ್ಷಣಗಳಲ್ಲಿ ಬಹುಮಟ್ಟಿಗೆ ಕಳೆದುಬಿಡುತ್ತದೆ. ಆಮೇಲೆ ಆ ಮನುಷ್ಯನು ಮತ್ತೆ ಹಲವು ನಿಮಿಷಗಳ ಕಾಲ ಅರ್ಧ ಕುರುಡನಾಗಿಯೇ ನಡೆಯಬೇಕು. ಕಡಿದಾದ ದಾರಿಯಲ್ಲಿ ಇದು ಹಾಸ್ಯದ ಮಾತಲ್ಲ. ಹಣೆದೀಪದ ದೊಡ್ಡ ದೋಷವೇ ಇದು: ನೋಟ ಹೋದತ್ತ ಬೆಳಕೂ ಹೋಗುತ್ತದೆ, ಮಾತನಾಡಲು ಹಿಂದಿರುಗಿದವನು ತನಗೇ ಅರಿವಿಲ್ಲದಂತೆ ಮಾತು ಕೇಳುವವನ ಕಣ್ಣಿಗೆ ಬೆಳಕನ್ನು ಎರಚುತ್ತಾನೆ. ಆದುದರಿಂದ ದೀಪವು ಸಲೀಸಾಗಿ ಕೆಳಕ್ಕೆ ಬಾಗುವಂತಿರಬೇಕು. ತಂಡದಲ್ಲಿ ನಡೆಯುವಾಗ ಅದನ್ನು ಪಾದದ ಮುಂದಿನ ನಾಲ್ಕಾರು ಮಾರು ನೆಲಕ್ಕೆ ಬಾಗಿಸಿಡುವುದು ಚಾರಣದ ಸಭ್ಯತೆಗಳಲ್ಲಿ ಒಂದು. ಎದುರಿನಿಂದ ಪ್ರಖರ ದೀಪ ಬರುತ್ತಿದ್ದರೆ ಒಂದು ಕಣ್ಣನ್ನು ಮುಚ್ಚಿಕೊಳ್ಳಬೇಕು. ಎರಡು ಕಣ್ಣುಗಳೂ ಬೇರೆ ಬೇರೆಯಾಗಿ ಕತ್ತಲೆಗೆ ಹೊಂದುವುದರಿಂದ ಮುಚ್ಚಿದ ಕಣ್ಣು ತನ್ನ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ.

ಇನ್ನೊಂದು ವಿಚಿತ್ರವೂ ಇದೆ. ನೇರವಾಗಿ ನೋಡುವಾಗ ಬೆಳಕು ಬೀಳುವ ಅಕ್ಷಿಪಟಲದ ನಡುಬಿಂದುವಿನಲ್ಲಿ ದಂಡಕೋಶಗಳೇ ಇಲ್ಲ. ಮದುವೆಯ ರಾತ್ರಿ ವಧುವರರಿಗೆ ತೋರಿಸುವ ಅರುಂಧತಿಯಂಥ ಮಸುಕು ನಕ್ಷತ್ರವು ದಿಟ್ಟಿಸಿ ನೋಡುವುದಕ್ಕಿಂತ ಓರೆನೋಟಕ್ಕೆ ಚೆನ್ನಾಗಿ ತೋರುವುದು ಈ ಕಾರಣದಿಂದಲೇ. ಕತ್ತಲೆಯ ಕಾಲುದಾರಿಯನ್ನೂ ಹಾಗೆಯೇ ತುಸು ಪಕ್ಕಕ್ಕೆ ನೋಡುತ್ತ ಗುರುತಿಸಬಹುದು.

ಕೆಂಪು ಬೆಳಕಿನ ಉಪಯೋಗವೂ ಇಲ್ಲಿಂದಲೇ ತಿಳಿಯುತ್ತದೆ. ದಂಡಕೋಶಗಳು ನೀಲಿ-ಹಸಿರು ಬೆಳಕಿಗೆ ಅತಿ ಸೂಕ್ಷ್ಮವಾಗಿದ್ದು ಗಾಢವಾದ ಕೆಂಪಿಗೆ ಹೆಚ್ಚುಕಡಮೆ ಜಡವಾಗಿರುತ್ತವೆ. ಆದ ಕಾರಣ ಮಂದವಾದ ಕೆಂಪು ದೀಪದಲ್ಲಿ ಚೀಲ ಹುಡುಕಿದರೆ, ನೀರು ಕುಡಿದರೆ, ಕೂಡಿಟ್ಟ ಇರುಳುನೋಟ ಕೆಡುವುದಿಲ್ಲ. ಡೇರೆಯಲ್ಲಿ ಮಲಗಿದವರ ನಿದ್ದೆಗೂ ಭಂಗವಿಲ್ಲ. ನಿದ್ದೆಯ ಸಮಯವನ್ನು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ರಸದೂತವನ್ನು ತಡೆಯುವುದು ಮುಖ್ಯವಾಗಿ ನೀಲಿ ಬೆಳಕು. ಆದರೆ ‘ಮಂದವಾದ’ ಎಂಬ ವಿಶೇಷಣವನ್ನು ಮರೆಯಬಾರದು. ಪ್ರಖರವಾದ ಕೆಂಪೂ ಕಣ್ಣನ್ನು ಕೆಡಿಸುತ್ತದೆ. ಅಲ್ಲದೆ ಕೆಂಪು ದೀಪದಲ್ಲಿ ನಕಾಶೆಯ ಕೆಂಪು ಗೆರೆಗಳು ಬಿಳಿಯ ಕಾಗದದಲ್ಲಿ ಮಾಯವಾಗುತ್ತವೆ, ಗಾಯದ ರಕ್ತವೂ ಸರಿಯಾಗಿ ಕಾಣದು. ಗಾಯ ನೋಡುವಾಗ ಮತ್ತು ದಾರಿ ನಡೆಯುವಾಗ ಬಿಳಿಯ ದೀಪವೇ ಬೇಕು. ಹೊಸ ದೀಪದಲ್ಲಿ ಕೆಂಪು ಬೆಳಕಿಗೆ ಬೇರೆಯ ಗುಂಡಿ ಇದೆಯೇ, ಅಥವಾ ಪ್ರತಿ ಸಲವೂ ಬಿಳಿಯ ಪ್ರಖರತೆಯನ್ನು ದಾಟಿಯೇ ಕೆಂಪಿಗೆ ಬರಬೇಕೇ ಎಂಬುದನ್ನು ನೋಡುವುದು ಅಗತ್ಯ. ಎರಡನೆಯ ಬಗೆಯದಾದರೆ ಕೆಂಪು ದೀಪವಿದ್ದೂ ವ್ಯರ್ಥ.

ಮೇ ಕೊನೆಯಿಂದ ಜೂನಿನವರೆಗೆ ಭಂಡಾರದರಾ, ಪುರುಷವಾಡಿ, ರಾಜಮಾಚಿಗಳ ಕಡೆಗೆ ಮಿಂಚುಹುಳುಗಳನ್ನು ನೋಡಲು ಜನ ಗುಂಪುಗುಂಪಾಗಿ ಹೋಗುತ್ತಾರೆ. ಆ ಹುಳುಗಳ ಮಿನುಗು ಗಂಡು ಹೆಣ್ಣುಗಳ ಪರಸ್ಪರ ಕರೆ. ಅಲ್ಲಿ ಬಿಳಿಯ ದೀಪವನ್ನು ಹಚ್ಚಿ ತಿರುಗುವುದು ಆ ಸಂಭಾಷಣೆಯನ್ನೇ ಕೆಡಿಸಿದಂತೆ.

ಅಂಕಿಗಳನ್ನು ಓದುವ ಕ್ರಮ

ಒಂದು ಮೇಣದ ಬತ್ತಿ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು ಸುಮಾರು 12 ಲ್ಯೂಮೆನ್. ಡೇರೆಯೊಳಗೆ ಪುಸ್ತಕ ಓದಲು 5 ಲ್ಯೂಮೆನ್ ಧಾರಾಳವಾಯಿತು. ಪರಿಚಿತವಾದ ಕಾಲುದಾರಿಯಲ್ಲಿ ನಡೆಯಲು 30ರಿಂದ 50 ಸಾಕು. ಬಂಡೆಗಳ ನಡುವೆ ದಾರಿ ತಪ್ಪಿದಾಗ, ಮುಂದಿನ ಗುರುತು ಎಲ್ಲಿದೆ ಎಂದು ಹುಡುಕುವ ಆ ಒಂದೆರಡು ನಿಮಿಷಗಳಿಗೆ 200 ಅಥವಾ ಅದಕ್ಕೂ ಮಿಗಿಲಾದ ಬೆಳಕು ಉಪಕಾರಕ. ಅಂದರೆ ದೊಡ್ಡ ಅಂಕಿ ನಿಮಿಷಗಳಿಗೆ ಬೇಕಾದದ್ದು. ಸಣ್ಣ ಅಂಕಿ ಗಂಟೆಗಳಿಗೆ ಬೇಕಾದದ್ದು. ಮೇಲಾಗಿ ಲ್ಯೂಮೆನ್ನು ನಾಲ್ಕು ಪಟ್ಟಾದರೆ ಅದೇ ಮಸೂರದಲ್ಲಿ ಬೆಳಕು ತಲುಪುವ ದೂರ ಎರಡೇ ಪಟ್ಟಾಗುತ್ತದೆ. ಕಣ್ಣಿಗೂ ಅದು ನಾಲ್ಕು ಪಟ್ಟು ಪ್ರಖರವೆಂದು ತೋರುವುದಿಲ್ಲ. ಸೆಲ್ಲು ಮಾತ್ರ ನಾಲ್ಕು ಪಟ್ಟು ವೇಗವಾಗಿ ಬರಿದಾಗುತ್ತದೆ.

ಕೈದೀಪ, ಹಣೆದೀಪಗಳ ಅಳತೆಗೆ ಅಮೆರಿಕದಲ್ಲಿ 2009ರಲ್ಲಿ ಎಫ್.ಎಲ್.-1 ಎಂಬ ಒಂದು ಮಾನಕವನ್ನು ಗೊತ್ತುಪಡಿಸಿದರು. ಪೊಟ್ಟಣದ ಮೇಲಿನ ಪುಟ್ಟ ಚಿತ್ರಗಳು ಇದಕ್ಕೆ ಸಂಬಂಧಿಸಿದವು. ಮಾನಕ ಒಳ್ಳೆಯದೇ, ಅದರ ಅರ್ಥ ತಿಳಿಯದೆ ಓದಿದರೆ ಮೋಸಹೋಗುವುದು ಖಂಡಿತ. ದೂರವೆಂದು ಬರೆದಿರುವುದು ಬೆಳಕು ಕ್ಷೀಣಿಸುತ್ತ 0.25 ಲಕ್ಸ್‌ಗೆ ಇಳಿಯುವ ಸ್ಥಳ. ಶುಭ್ರ ಆಕಾಶದ ಹುಣ್ಣಿಮೆಯ ಬೆಳದಿಂಗಳು ಹೆಚ್ಚುಕಡಮೆ ಅಷ್ಟೇ ಇರುತ್ತದೆ. ನೂರು ಮೀಟರ್ ದೂರದ ದೀಪವೆಂದರೆ ನೂರನೆಯ ಮೀಟರಿನಲ್ಲಿ ಬೆಳದಿಂಗಳಷ್ಟು ಬೆಳಕು ಎಂದರ್ಥ. ಅಲ್ಲಿರುವ ಕಲ್ಲನ್ನು ಕಲ್ಲೆಂದು ಗುರುತಿಸಬಹುದು ಎಂದಲ್ಲ. ಪ್ರಖರತೆಯನ್ನು ಅಳೆಯುವುದು ದೀಪ ಹಚ್ಚಿದ ಮೊದಲ ನಿಮಿಷದ ಆಸುಪಾಸಿನಲ್ಲಿ. ಉರಿಯುವ ಅವಧಿಯನ್ನು ಎಣಿಸುವುದು ಬೆಳಕು ಆ ಮೊದಲಿನ ಪ್ರಮಾಣದ ಶೇಕಡಾ 10ಕ್ಕೆ ಇಳಿಯುವವರೆಗೆ. 300 ಲ್ಯೂಮೆನ್ನಿನಲ್ಲಿ ಆರಂಭಿಸಿದ ದೀಪವು ಅರ್ಧಗಂಟೆಯಲ್ಲಿ 60ಕ್ಕೆ ಜಾರಿ, ಆಮೇಲೆ ಗಂಟೆಗಟ್ಟಲೆ 40ರಲ್ಲಿ ತೆವಳಿದರೂ ಆ ಗಂಟೆಗಳೆಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ಸಾಮಾನ್ಯ ಗಣಿತದಿಂದಲೂ ಇದನ್ನು ಪರೀಕ್ಷಿಸಬಹುದು. ಟಿ.ವಿ.ಯ ರಿಮೋಟಿಗೆ ಹಾಕುವ ತ್ರಿಬಲ್-ಎ ಅಳತೆಯ ಆಲ್ಕಲೈನ್ ಸೆಲ್ಲನ್ನು ನಿಧಾನವಾಗಿ ಬಳಸಿದರೆ ಅದರಲ್ಲಿ ಸುಮಾರು ಒಂದೂವರೆ ವ್ಯಾಟ್-ಗಂಟೆಯ ಶಕ್ತಿ ಇರುತ್ತದೆ. ಮೂರು ಸೆಲ್ಲಿಗೆ ನಾಲ್ಕೂವರೆ. ಉತ್ತಮವಾದ ಎಲ್.ಇ.ಡಿ. ದೀಪವು ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಎಂದಿಟ್ಟುಕೊಂಡರೆ, 300 ಲ್ಯೂಮೆನ್ನಿಗೆ 3 ವ್ಯಾಟ್ ಬೇಕು; ಸೆಲ್ಲುಗಳು ಒಂದೂವರೆ ಗಂಟೆಯಲ್ಲಿ ಮುಗಿಯಬೇಕು. ವಾಸ್ತವದಲ್ಲಿ ಅಷ್ಟೂ ಬಾಳುವುದಿಲ್ಲ, ಏಕೆಂದರೆ ಆಲ್ಕಲೈನ್ ಸೆಲ್ಲು ಅವಸರದ ಬಳಕೆಗೆ ಸೋತುಹೋಗುತ್ತದೆ. ಅದೇ ಸೆಲ್ಲುಗಳು 30 ಲ್ಯೂಮೆನ್ನಿನಲ್ಲಿ ಹದಿನೈದು ಗಂಟೆಯ ಹತ್ತಿರ, ಎಂದರೆ ಒಂದು ಪೂರ್ಣ ರಾತ್ರಿಗಿಂತ ಹೆಚ್ಚು ಕಾಲ ಬರುತ್ತವೆ. ‘400 ಲ್ಯೂಮೆನ್, 100 ಗಂಟೆ’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಆ ಎರಡು ಅಂಕಿಗಳು ಎರಡು ಬೇರೆ ಬೇರೆ ಸ್ಥಿತಿಗಳವು ಎಂದು ತಿಳಿಯಬೇಕು. ಪ್ರತಿಯೊಂದು ಹಂತಕ್ಕೂ ಬೇರೆಯಾಗಿ ಅವಧಿಯನ್ನು ಬರೆದು, ಬೆಳಕು ಇಳಿಯುವ ಬಗೆಯನ್ನು ನಕ್ಷೆಯಲ್ಲಿ ತೋರಿಸಿದ ತಯಾರಕನು ನಂಬಿಕೆಗೆ ಹೆಚ್ಚು ಅರ್ಹನು.

ಕೆಲವು ಅಗ್ಗದ ದೀಪಗಳಲ್ಲಿ ಬೆಳಕನ್ನು ಮಂದಗೊಳಿಸುವುದಕ್ಕೆ ಅದನ್ನು ವೇಗವಾಗಿ ಹಚ್ಚಿ ಆರಿಸುವ ಉಪಾಯವನ್ನು ಬಳಸುತ್ತಾರೆ. ಆ ವೇಗ ಸಾಲದಾದರೆ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ಉಂಟಾಗುತ್ತದೆ. ದೀಪದ ಎದುರು ಬೆರಳುಗಳನ್ನು ಬೇಗಬೇಗ ಆಡಿಸಿದಾಗ ಅವು ತುಂಡುತುಂಡಾಗಿ ಕಂಡರೆ ಈ ದೋಷವಿದೆ ಎಂದು ಅಂಗಡಿಯಲ್ಲಿಯೇ ತಿಳಿಯಬಹುದು. ಪಟಪಟನೆ ಮಿನುಗುವ ಸ್ಟ್ರೋಬ್ ಸ್ಥಿತಿಯನ್ನಂತೂ ಮೂರ್ಛೆರೋಗದ ಪ್ರವೃತ್ತಿ ಇರುವವರ ಎದುರು ಆಟಕ್ಕೂ ಬಳಸಬಾರದು.

ಹಣೆಗಿಂತ ಸೊಂಟ ಮೇಲಾಗುವ ಸಂದರ್ಭಗಳು

ಹಣೆಯ ದೀಪ ಕಣ್ಣಿನ ಪಕ್ಕದಲ್ಲಿಯೇ ಇರುವುದರಿಂದ ವಸ್ತುಗಳ ನೆರಳು ಅವುಗಳ ಹಿಂದೆಯೇ ಅಡಗಿಹೋಗುತ್ತದೆ. ನೆರಳಿಲ್ಲದೆ ಉಬ್ಬುತಗ್ಗು ತಿಳಿಯದು. ಗುಂಡಿಯೂ ಮೆಟ್ಟಿಲೂ ಚಪ್ಪಟೆಯಾಗಿ ಕಾಣುತ್ತವೆ; ಕಾಲು ಉಳುಕುವುದು, ಎಡವುವುದು ಇದರ ಫಲ. ಇಳಿಜಾರಿನಲ್ಲಿ ದೀಪವನ್ನು ತಲೆಯಿಂದ ತೆಗೆದು ಕೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದರೆ ಪ್ರತಿಯೊಂದು ಕಲ್ಲಿಗೂ ನೆರಳು ಮೂಡಿ ನೆಲದ ರೂಪ ತೆರೆದುಕೊಳ್ಳುತ್ತದೆ. ಮಳೆಗಾಲದ ಸಹ್ಯಾದ್ರಿಯ ಮಂಜಿನಲ್ಲಿ ಇದು ಇನ್ನೂ ಸತ್ಯ. ಕಣ್ಣಿನ ಬದಿಯಿಂದ ಹೊರಟ ಬೆಳಕು ಮಂಜಿನ ಹನಿಗಳಿಗೆ ತಗಲಿ ನೇರವಾಗಿ ಕಣ್ಣಿಗೇ ಹಿಂದಿರುಗುತ್ತದೆ. ಎದುರಿಗೆ ಬಿಳಿಯ ಗೋಡೆ ನಿಂತಂತಾಗುತ್ತದೆ. ಆಗ ಬೆಳಕನ್ನು ಹೆಚ್ಚಿಸಿದಷ್ಟೂ ಗೋಡೆ ಗಟ್ಟಿಯಾಗುತ್ತದೆ. ದೀಪವನ್ನು ಕೆಳಗಿಳಿಸಿ, ಮಂದವಾಗಿಸಿ, ಕಾಲಬಳಿಗೆ ಹಿಡಿಯುವುದೇ ಉಪಾಯ. ತಲೆಪಟ್ಟಿಯಿಂದ ಸುಲಭವಾಗಿ ಬಿಡಿಸಿ ಕೈಗೆ ತೆಗೆದುಕೊಳ್ಳಬಲ್ಲ ದೀಪಕ್ಕೆ ಈ ಒಂದು ಕಾರಣದಿಂದಲೇ ಹೆಚ್ಚಿನ ಅಂಕ ಕೊಡಬೇಕು.

ಹಾವು, ಚೇಳು

ಭಾರತದಲ್ಲಿ ಹಾವಿನ ಕಡಿತದಿಂದ ವರುಷಕ್ಕೆ ಸುಮಾರು 58 ಸಾವಿರ ಜನ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಅಧ್ಯಯನವು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಗಳ ಸಾಲಿಗೆ ಸೇರಿಸಿತು. ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲಗಳು ಹೆಚ್ಚಾಗಿ ಇರುಳಿನಲ್ಲಿ ಸಂಚರಿಸುವಂಥವು. ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲದ ಮೈಬಣ್ಣ ತರಗೆಲೆಯದೇ. ನೀಲಿ ಛಾಯೆಯ ತಣ್ಣನೆಯ ಬಿಳಿ ಬೆಳಕಿನಲ್ಲಿ ಕಂದು ಬಣ್ಣಗಳ ಭೇದ ಮಸುಕಾಗುತ್ತದೆ. ಬಣ್ಣಗಳನ್ನು ಯಥಾವತ್ತಾಗಿ ತೋರಿಸುವ, ಹಳದಿ ಛಾಯೆಯ ಬೆಳಕಿನಲ್ಲಿ ಚೆನ್ನಾಗಿ ತೋರುತ್ತದೆ. ಈ ಗುಣವನ್ನು ಸಿ.ಆರ್.ಐ. ಎಂಬ ಅಂಕಿಯಿಂದ ಸೂಚಿಸುತ್ತಾರೆ; ಅದು 90ರ ಮೇಲಿದ್ದರೆ ಉತ್ತಮ. ಪ್ರಚಾರದಲ್ಲಿ ಇದಕ್ಕೆ ಸ್ಥಾನ ಕಡಮೆ, ಕಾಡಿನಲ್ಲಿ ಬೆಲೆ ಹೆಚ್ಚು.

ಕಟ್ಟುಹಾವಿನ ಕಡಿತ ಬಹುಪಾಲು ಸಂಭವಿಸುವುದು ನೆಲದ ಮೇಲೆ ಮಲಗಿ ನಿದ್ರಿಸುವವರಿಗೆ. ಕಚ್ಚಿದ ನೋವೂ ಕೆಲವೊಮ್ಮೆ ತಿಳಿಯದು. ಡೇರೆಯ ಬಾಗಿಲ ಜಿಪ್ಪನ್ನು ಮುಚ್ಚಿಯೇ ಮಲಗಬೇಕು. ರಾತ್ರಿ ಎದ್ದು ಹೊರಗೆ ಹೋಗುವವರು ಮೊದಲು ದೀಪವನ್ನು ಹಚ್ಚಿ, ಬೂಟನ್ನು ಕೊಡವಿ ನೋಡಿ, ಆಮೇಲೆ ಕಾಲಿಡಬೇಕು. ಆದಕಾರಣ ಹಣೆದೀಪದ ಸ್ಥಳ ತಲೆದಿಂಬಿನ ಪಕ್ಕವೇ ಹೊರತು ಚೀಲದ ತಳವಲ್ಲ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು.

ಕೊಂಕಣದ ಕೆಂಪುಚೇಳು ಕುಟುಕಿದರೆ ಹೃದಯಕ್ಕೇ ಅಪಾಯ. ರಾಯಗಡ ಕೋಟೆಗೆ ಸಮೀಪದ ಮಹಾಡದಲ್ಲಿ ವೈದ್ಯವೃತ್ತಿ ನಡೆಸುತ್ತ ಪ್ರಜೋಸಿನ್ ಎಂಬ ಔಷಧದಿಂದ ಇದನ್ನು ಗುಣಪಡಿಸುವ ಮಾರ್ಗವನ್ನು ತೋರಿಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು. ಚೇಳಿನ ಮೈ ಅತಿನೇರಳೆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಕೆಲವು ಹೊಸ ದೀಪಗಳಲ್ಲಿ ಅಂಥ ಬೆಳಕನ್ನೂ ಸೇರಿಸುತ್ತಿದ್ದಾರೆ. ಬಿಡಾರ ಹೂಡುವ ಮೊದಲು ನೆಲವನ್ನು ಪರೀಕ್ಷಿಸಲು ಅದು ಸಹಾಯಕ, ಆದರೆ ಅದನ್ನು ಕಣ್ಣಿಗೆ ಬಿಡಬಾರದು.

ಸೆಲ್ಲುಗಳ ವಿಚಾರ

ಹೊಸ ಮಾದರಿಗಳಲ್ಲಿ ಹೆಚ್ಚಿನವು ಒಳಗೇ ಅಡಕವಾದ, ಮತ್ತೆ ಮತ್ತೆ ಚಾರ್ಜು ಮಾಡುವ ಲಿಥಿಯಂ ಬ್ಯಾಟರಿಯವು. ವಾರಾಂತ್ಯದ ಚಾರಣಕ್ಕೆ ಇದು ಅನುಕೂಲವೇ. ಆದರೆ ಬದಲಾಯಿಸಲಾಗದ ಬ್ಯಾಟರಿಯು ಕೆಲವು ವರುಷಗಳಲ್ಲಿ ಸೊರಗಿದಾಗ ದೀಪವೇ ಕಸವಾಗುತ್ತದೆ. ಬೇಕಾದಾಗ ಸಾಧಾರಣ ಸೆಲ್ಲನ್ನೂ ಹಾಕಬಹುದಾದ ದೀಪವು, ಹತ್ತು ಗ್ರಾಮು ಹೆಚ್ಚು ತೂಗಿದರೂ, ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಉಪಕಾರಕ್ಕೆ ಬರುತ್ತದೆ. ದೆಹಲಿಯ ಕನ್ನಡಿಗರು ಹಿಮಾಚಲ, ಉತ್ತರಾಖಂಡಗಳ ಕಡೆಗೆ ಹೋಗುವಾಗ ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಮದ ಚಳಿಯಲ್ಲಿ ಆಲ್ಕಲೈನ್ ಸೆಲ್ಲಿನ ಶಕ್ತಿ ಬಹಳ ಕುಗ್ಗುತ್ತದೆ; ಒಮ್ಮೆ ಬಳಸಿ ಬಿಡುವ ಲಿಥಿಯಂ ಸೆಲ್ಲು ಚಳಿಯನ್ನು ತಡೆಯುತ್ತದೆ, ಹಗುರವೂ ಆಗಿರುತ್ತದೆ. ರಾತ್ರಿ ದೀಪವನ್ನು ಮಲಗುವ ಚೀಲದೊಳಗೇ ಇಟ್ಟುಕೊಂಡರೆ ಯಾವ ಸೆಲ್ಲಿಗಾದರೂ ಒಳ್ಳೆಯದು. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬ ನಿಯಮವಿದೆ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು. ಆಲ್ಕಲೈನ್ ಸೆಲ್ಲುಗಳನ್ನು ಮಳೆಗಾಲವೆಲ್ಲ ದೀಪದೊಳಗೇ ಬಿಟ್ಟರೆ ಸೋರಿ, ಒಳಗಿನ ತಗಡನ್ನು ತಿನ್ನುತ್ತವೆ. ಆ ರಸವು ಚರ್ಮಕ್ಕೂ ಕಣ್ಣಿಗೂ ಕ್ಷಾರ.

ಅತಿ ಚಿಕ್ಕ ಹಣೆದೀಪಗಳು ಕೆಲವು ನಾಣ್ಯದಂಥ ಬಟನ್ ಸೆಲ್ಲಿನಲ್ಲಿ ಉರಿಯುತ್ತವೆ. ಮಕ್ಕಳಿರುವ ಮನೆಯಲ್ಲಿ ಇವುಗಳ ಬಗ್ಗೆ ವಿಶೇಷ ಜಾಗರೂಕತೆ ಬೇಕು. ಇಪ್ಪತ್ತು ಮಿಲಿಮೀಟರಿನ ಇಂಥ ಸೆಲ್ಲನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಲ್ಲದು. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ಕೂಡಲೇ ಎಕ್ಸ್-ರೇ ಸೌಕರ್ಯವಿರುವ ಆಸ್ಪತ್ರೆಗೆ ಒಯ್ಯಬೇಕು, ವಾಂತಿ ಮಾಡಿಸಬಾರದು. ವರುಷ ದಾಟಿದ ಮಗುವಾದರೆ, ನುಂಗಿ ಹನ್ನೆರಡು ಗಂಟೆಯೊಳಗಾಗಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು, ಹೆಚ್ಚೆಂದರೆ ಆರು ಬಾರಿ, ಕೊಡಬಹುದೆಂದು ಅಮೆರಿಕದ ವಿಷಚಿಕಿತ್ಸಾ ತಜ್ಞರ ಸಲಹೆಯಿದೆ. ಆದರೆ ಜೇನು ಹುಡುಕುತ್ತ ಆಸ್ಪತ್ರೆಗೆ ಹೊರಡುವುದನ್ನು ತಡಮಾಡಬಾರದು. ಸೆಲ್ಲಿನ ಮುಚ್ಚಳ ತಿರುಪುಮೊಳೆಯಿಂದ ಭದ್ರವಾಗಿರದ ದೀಪವನ್ನು, ಅದು ಎಷ್ಟೇ ಹಗುರವಾಗಿರಲಿ, ಇಂಥ ಮನೆಗೆ ತರದಿರುವುದೇ ಲೇಸು.

ವಯಸ್ಸಾದವರ ಕಣ್ಣು

ಅರುವತ್ತು ದಾಟಿದವರ ಪಾಪೆ ಕತ್ತಲೆಯಲ್ಲಿ ತರುಣರದಷ್ಟು ಹಿಗ್ಗುವುದಿಲ್ಲ; ಕಣ್ಣಿನ ಮಸೂರ ಹಳದಿಗಟ್ಟಿ ಬೆಳಕನ್ನು ಚೆದುರಿಸುತ್ತದೆ; ಕತ್ತಲೆಗೆ ಹೊಂದಲು ಹೆಚ್ಚು ಸಮಯ ತಗಲುತ್ತದೆ. ಇವರಿಗೆ ಹೆಚ್ಚು ಬೆಳಕು ಬೇಕು, ಆದರೆ ಅದೇ ಬೆಳಕು ಎದುರಿನಿಂದ ಬಂದರೆ ಇವರಿಗೇ ಹೆಚ್ಚು ಬಾಧೆ. ಮೊಮ್ಮಕ್ಕಳ ಜೊತೆ ರಾಜಗಡವನ್ನು ಏರುವ ಹಿರಿಯರು 30ರ ಬದಲು 80 ಲ್ಯೂಮೆನ್ನಿನಲ್ಲಿ ನಡೆಯುವುದು ಯುಕ್ತ. ಅದಕ್ಕೆ ತಕ್ಕಂತೆ ಸೆಲ್ಲುಗಳ ಲೆಕ್ಕವನ್ನೂ ಬದಲಾಯಿಸಿಕೊಳ್ಳಬೇಕು. ಇರುಳಿನಲ್ಲಿ ಕಾಣುವುದು ಇತ್ತೀಚೆಗೆ ಕಡಮೆಯಾಗಿದೆ ಎನ್ನಿಸಿದವರು ದೀಪ ಕೊಳ್ಳುವ ಮೊದಲು ನೇತ್ರವೈದ್ಯರನ್ನು ಕಾಣಬೇಕು. ಎ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಬರುತ್ತಿದ್ದ ಅಂಧತ್ವವನ್ನು ತಡೆಯಲು ಭಾರತ ಸರ್ಕಾರವು 1970ರಲ್ಲಿಯೇ ಯೋಜನೆಯನ್ನು ಆರಂಭಿಸಿತು. ನುಗ್ಗೆಸೊಪ್ಪು, ಪಪ್ಪಾಯಿ, ಗಜ್ಜರಿಗಳ ಮಹತ್ತ್ವ ಎಲ್ಲರಿಗೂ ತಿಳಿದದ್ದೇ. ಆದರೆ ನಗರದಲ್ಲಿ ಹೊಟ್ಟೆತುಂಬ ಉಣ್ಣುವ ವಯಸ್ಕರಲ್ಲಿ ಇರುಳುನೋಟ ಕುಂದಲು ಕನ್ನಡಕದ ಅಂಕೆ ಬದಲಾಗಿರುವುದು ಅಥವಾ ಕಣ್ಣಿನ ಪೊರೆ ಹೆಚ್ಚು ಸಂಭವನೀಯವಾದ ಕಾರಣ. ಹಣೆದೀಪವು ಅದಕ್ಕೆ ಔಷಧವಲ್ಲ.

ದಾರಿ ತಪ್ಪಿದಾಗ

ಬೆಟ್ಟದಲ್ಲಿ ಅಪಾಯಕ್ಕೆ ಸಿಲುಕಿದವರು ದೀಪದಿಂದ ಮಾಡಬೇಕಾದ ಸಂಕೇತವನ್ನು ಆಲ್ಪ್ಸ್ ಪರ್ವತಾರೋಹಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಗೊತ್ತುಪಡಿಸಿದ್ದಾರೆ: ಒಂದು ನಿಮಿಷದಲ್ಲಿ ಆರು ಸಲ ಮಿನುಗಿಸುವುದು, ಒಂದು ನಿಮಿಷ ಬಿಡುವುದು, ಮತ್ತೆ ಆರು ಸಲ. ಕಂಡವರ ಉತ್ತರ ನಿಮಿಷಕ್ಕೆ ಮೂರು ಸಲ. ಸಿಳ್ಳಿನಿಂದಲೂ ಇದನ್ನು ಮಾಡಬಹುದು. ಆ ಹೊತ್ತಿಗೆ ಸೆಲ್ಲಿನಲ್ಲಿ ಶಕ್ತಿ ಉಳಿದಿರಬೇಕಾದರೆ ಸಂಜೆಯಿಂದ ದೀಪವನ್ನು ಮಂದವಾಗಿಯೇ ಬಳಸಿರಬೇಕು. ಚೀಲದೊಳಗೆ ಗುಂಡಿ ಒತ್ತಿ ತಾನಾಗಿ ಹತ್ತಿಕೊಳ್ಳದಂತೆ ಬೀಗದ ಸ್ಥಿತಿಯಲ್ಲಿ ಇಟ್ಟಿರಬೇಕು. ಬೀಗವಿಲ್ಲದ ದೀಪವಾದರೆ ಒಂದು ಸೆಲ್ಲನ್ನು ತಿರುಗುಮುರುಗಾಗಿ ಹಾಕಿಡುವುದು ಹಳೆಯ ಚಾರಣಿಗರ ಪದ್ಧತಿ. ತಂಡದಲ್ಲಿ ತಲೆಗೊಂದು ದೀಪವಲ್ಲದೆ ಹೆಚ್ಚಿನದೊಂದು ದೀಪವೂ ಇರಬೇಕು. ಅದು ಹೊಸದೇ ಆಗಬೇಕೆಂದಿಲ್ಲ; ಹೊಸದು ಬಂದ ಮೇಲೆ ಮೂಲೆ ಸೇರುವ ಹಳೆಯ ಟಾರ್ಚೇ ಸಾಕು.